1955ರ ಕೋರ್ಟು ಬೇಡ, 1909ರದು ಬೇಕು: ಟೆಕ್ಸಸ್ ಕೌಂಟಿಗಳ ಲೆಕ್ಕಾಚಾರ

ಅಮೆರಿಕದ ಟೆಕ್ಸಸ್ ರಾಜ್ಯದಿಂದ ಕೆಲವು ವರ್ಷಗಳಿಂದ ಒಂದಕ್ಕೊಂದು ತಾಳೆಯಾಗದ ಎರಡು ಬಗೆಯ ಸುದ್ದಿ ಬರುತ್ತಿವೆ. ಟೈಲರ್ ನಗರ ಕೇಂದ್ರವಾಗಿರುವ ಸ್ಮಿತ್ ಕೌಂಟಿಯಲ್ಲಿ 1955ರ ಕೋರ್ಟು ಕಟ್ಟಡ ಇನ್ನು ಸಾಲದು ಎಂದು ಆಡಳಿತದವರು ಜನರ ಮುಂದೆ ಹೋದರು. 2022ರ ನವೆಂಬರಿನಲ್ಲಿ ಮತದಾರರು ಒಟ್ಟು 17.9 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಅದರಲ್ಲಿ 16 ಕೋಟಿ ಹೊಸ ಕೋರ್ಟಿಗೆ, 1.9 ಕೋಟಿ ವಾಹನ ನಿಲುಗಡೆಗೆ.

ಇನ್ನೊಂದು ಸುದ್ದಿ ಮೇಸನ್ ಕೌಂಟಿಯದು. ಅಲ್ಲಿನ ಜನಸಂಖ್ಯೆ ನಾಲ್ಕು ಸಾವಿರವೂ ಇಲ್ಲ. 1909–10ರಲ್ಲಿ ಕಟ್ಟಿದ ಅದರ ಕೋರ್ಟಿಗೆ 2021ರ ಫೆಬ್ರವರಿ 4ರ ರಾತ್ರಿ ಯಾರೋ ಬೆಂಕಿ ಹಚ್ಚಿದರು. ಗುಮ್ಮಟ ಕುಸಿದು ಒಳಗೆ ಬಿತ್ತು, ಕಲ್ಲಿನ ಗೋಡೆಗಳಷ್ಟೇ ಉಳಿದವು. ಆ ಗೋಡೆಗಳನ್ನು ಊರೆ ಕೊಟ್ಟು ನಿಲ್ಲಿಸಿ, ಒಳಗಿನದನ್ನೆಲ್ಲ ಹೊಸದಾಗಿ ಕಟ್ಟಿ, ಗುಮ್ಮಟವನ್ನು ಮತ್ತೆ ಮೇಲೇರಿಸಿದರು.

ಎಪ್ಪತ್ತು ವರ್ಷದ ಕಾಂಕ್ರೀಟು ಕಟ್ಟಡ ಹಳತು, ನೂರಹತ್ತು ವರ್ಷದ ಸುಟ್ಟ ಕಟ್ಟಡ ಉಳಿಸತಕ್ಕದ್ದು. ಇದು ಹೇಗೆ? ಇದನ್ನು ಬರೀ ಹಳೆಯದರ ಮೇಲಿನ ಮೋಹ ಅಂದುಕೊಂಡರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಉಳಿದರ್ಧ ಇರುವುದು ಆ ಕಟ್ಟಡಗಳನ್ನು ಕಟ್ಟಿದ ರೀತಿಯಲ್ಲಿ, ಆಮೇಲೆ ನಡೆದ ರಿಪೇರಿಗಳಲ್ಲಿ ಮತ್ತು ದುಡ್ಡು ಬರುವ ದಾರಿಯಲ್ಲಿ.

ಕೋರ್ಟು ಎಂಬ ಹೆಸರಿನ ಗೊಂದಲ

ಕೌಂಟಿ ಎಂದರೆ ಜಿಲ್ಲೆ ಎಂದು ಅನುವಾದ ಮಾಡುತ್ತೇವೆ. ಗಾತ್ರದಲ್ಲಿ ಅದು ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನದು. ಟೆಕ್ಸಸ್‌ನಲ್ಲಿ ಇಂಥವು 254 ಇವೆ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 2020ರ ಜನಗಣತಿ ಪ್ರಕಾರ 47 ಲಕ್ಷ ಜನ. ಪಶ್ಚಿಮದ ಲವಿಂಗ್ ಕೌಂಟಿಯಲ್ಲಿ ಅದೇ ಜನಗಣತಿ ಪ್ರಕಾರ 64 ಜನ. ಎರಡಕ್ಕೂ ಒಂದೊಂದು ಕೋರ್ಟು ಕಟ್ಟಡ ಬೇಕೇ ಬೇಕು.

ಈ ಕಟ್ಟಡದೊಳಗೆ ನಡೆಯುವುದು ವ್ಯಾಜ್ಯ ಮಾತ್ರವಲ್ಲ. ಮದುವೆ ಪರವಾನಗಿ, ಜಮೀನಿನ ದಸ್ತಾವೇಜು, ಆಸ್ತಿ ತೆರಿಗೆ, ಚುನಾವಣೆಯ ಕೆಲಸ ಎಲ್ಲವೂ ಕೌಂಟಿಯದೇ. ನಮ್ಮ ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಖಜಾನೆ, ಕೋರ್ಟು ಎಲ್ಲವನ್ನೂ ಒಂದೇ ಸೂರಿನಡಿ ತಂದರೆ ಹೇಗೋ ಹಾಗೆ ಅವನ್ನು ಕಟ್ಟಿದ್ದರು. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಸುತ್ತ ನೆಲೆಸಿರುವ ಕನ್ನಡಿಗರಲ್ಲಿ ಮನೆ ಕೊಂಡವರ ಕ್ರಯಪತ್ರ ದಾಖಲಾಗಿರುವುದು ಕೌಂಟಿ ಕ್ಲರ್ಕ್ ಬಳಿ. ಪೌರತ್ವ ಪಡೆದವರಿಗೆ ಜ್ಯೂರಿ (ಮೊಕದ್ದಮೆ ಕೇಳಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಕರೆ ಬಂದರೆ ಹಾಜರಾಗಬೇಕಾದದ್ದೂ ಬಹುತೇಕ ಕೌಂಟಿಯ ಕೋರ್ಟಿಗೇ.

ಓದುಗರನ್ನು ಇನ್ನೂ ಹೆಚ್ಚು ದಾರಿ ತಪ್ಪಿಸುವ ಹೆಸರೊಂದಿದೆ: ‘ಕಮಿಷನರ್ಸ್ ಕೋರ್ಟ್’. ಇದು ನ್ಯಾಯಾಲಯವಲ್ಲ. ಒಬ್ಬ ಕೌಂಟಿ ಜಡ್ಜ್, ನಾಲ್ವರು ಕಮಿಷನರುಗಳು ಸೇರಿದ ಆಡಳಿತ ಮಂಡಳಿ ಅದು. ಐವರೂ ಚುನಾಯಿತರು. ಬಜೆಟ್ಟು, ರಸ್ತೆ, ಜೈಲು ಅವರ ಕೈಯಲ್ಲಿ. ‘ಕೋರ್ಟು ಕಟ್ಟಡ ಬದಲಿಸಲು ಕೋರ್ಟು ತೀರ್ಮಾನಿಸಿತು’ ಎಂಬ ಸುದ್ದಿ ಓದಿದರೆ ಅಲ್ಲಿ ತೀರ್ಮಾನಿಸಿದ್ದು ಈ ಮಂಡಳಿ. ಒಳಗೆ ಕೂತು ಮೊಕದ್ದಮೆ ನಡೆಸುವ ನ್ಯಾಯಾಧೀಶರ ಬೇಡಿಕೆ ಬೇರೆ, ದುಡ್ಡು ಕೊಡುವ ಮಂಡಳಿಯ ಲೆಕ್ಕ ಬೇರೆ. ಜಗಳದ ಅರ್ಧ ಹುಟ್ಟುವುದೇ ಇಲ್ಲಿ.

ಚೌಕದ ನಡುವಿನ ಕಟ್ಟಡ

1876ರ ಟೆಕ್ಸಸ್ ಸಂವಿಧಾನದಲ್ಲಿ ಒಂದು ವಿಚಿತ್ರ ವಿಧಿ ಇದೆ. ಕೌಂಟಿ ಕೇಂದ್ರವನ್ನು ಬೇರೆ ಊರಿಗೆ ಸಾಗಿಸಬೇಕಾದರೆ ಮೂರನೇ ಎರಡರಷ್ಟು ಮತ ಬೇಕು. ಆದರೆ ಕೌಂಟಿಯ ಭೌಗೋಳಿಕ ನಡುಬಿಂದುವಿನಿಂದ ಐದು ಮೈಲಿ ಒಳಗಿನ ಊರಿಗೆ ಬರುವುದಾದರೆ ಸರಳ ಬಹುಮತ ಸಾಕು. ಕುದುರೆ, ಗಾಡಿಯ ಕಾಲದಲ್ಲಿ ಯಾವ ಮೂಲೆಯ ರೈತನೂ ಕಚೇರಿ ಕೆಲಸ ಮುಗಿಸಿ ಹಿಂತಿರುಗುವಂತಿರಬೇಕು ಎಂಬುದು ಇದರ ಹಿಂದಿನ ಲೆಕ್ಕ.

ಕೇಂದ್ರ ಯಾವ ಊರೋ ಆ ಊರು ಬೆಳೆಯುತ್ತಿತ್ತು. ಹಾಗಾಗಿ ಊರೂರುಗಳ ನಡುವೆ ಪೈಪೋಟಿ ಜೋರಾಗಿತ್ತು. ಪಟ್ಟಣದ ನಕ್ಷೆಯೇ ಇದಕ್ಕೆ ತಕ್ಕಂತೆ ಆಯಿತು. ನಡುವೆ ಒಂದು ಚೌಕ, ಚೌಕದ ನಡುವೆ ಕೋರ್ಟು, ನಾಲ್ಕೂ ಬದಿಗೆ ಕೋರ್ಟಿಗೆ ಮುಖ ಮಾಡಿದ ಅಂಗಡಿ ಸಾಲು. ಇಂಥ ಕಟ್ಟಡಕ್ಕೆ ಹಿಂಭಾಗ ಎಂಬುದೇ ಇರುವುದಿಲ್ಲ, ನಾಲ್ಕೂ ಕಡೆ ಮುಂಭಾಗವೇ. ನಾಲ್ಕೂ ಕಡೆ ಬಾಗಿಲು. ಇದು ಇವತ್ತಿನ ಭದ್ರತಾ ಸಿಬ್ಬಂದಿಗೆ ತಲೆನೋವಾಗಿದೆ, ಆ ಮಾತು ಮುಂದೆ ಬರುತ್ತದೆ.

1881ರಲ್ಲಿ ರಾಜ್ಯದ ಶಾಸನಸಭೆ ಕೋರ್ಟು ಕಟ್ಟಲು ಸಾಲಪತ್ರ ಹೊರಡಿಸುವ ಅಧಿಕಾರವನ್ನು ಕೌಂಟಿಗಳಿಗೆ ಕೊಟ್ಟಿತು. ಅಷ್ಟರಲ್ಲಿ ರೈಲು ಬಂದಿತ್ತು, ದೂರದ ಗಣಿಯ ಕಲ್ಲು ಊರಿಗೆ ತಲುಪುವಂತಾಗಿತ್ತು. ಸಾಲ ಮತ್ತು ರೈಲು ಎರಡೂ ಕೂಡಿದ ಮೇಲೆ ಮುಂದಿನ ಇಪ್ಪತ್ತು ವರ್ಷದಲ್ಲಿ ಅಲ್ಲಿ ಕೋರ್ಟುಗಳ ಸುಗ್ಗಿಯೇ ಆಯಿತು.

ಆಗಲೂ ಎಲ್ಲರೂ ಹಿಗ್ಗಿರಲಿಲ್ಲ. ಫೋರ್ಟ್ ವರ್ತ್‌ನ ಟ್ಯಾರಂಟ್ ಕೌಂಟಿ 1893ರಿಂದ 1895ರವರೆಗೆ ನಸುಗೆಂಪು ಗ್ರಾನೈಟಿನಲ್ಲಿ ಕೋರ್ಟು ಕಟ್ಟಿಸಿತು. ಖರ್ಚು 4,08,840 ಡಾಲರ್. ದುಂದುವೆಚ್ಚ ಎಂದು ಸಿಟ್ಟಾದ ಮತದಾರರು ಕಟ್ಟಡ ಮುಗಿಯುವ ಮೊದಲೇ, 1894ರ ಚುನಾವಣೆಯಲ್ಲಿ ಆಡಳಿತ ಮಂಡಳಿಯನ್ನು ಬದಲಿಸಿಬಿಟ್ಟರು. ಇವತ್ತು ಆ ಕಟ್ಟಡ ನಗರದ ಹೆಮ್ಮೆ. ಸೋತವರಿಗೆ ಅದರಿಂದ ಏನೂ ಲಾಭವಾಗಲಿಲ್ಲ. ಕೋರ್ಟಿನ ಖರ್ಚನ್ನು ಕಂಡರೆ ಇವತ್ತಿನ ಕಮಿಷನರುಗಳು ಏಕೆ ಬೆಚ್ಚುತ್ತಾರೆ ಎಂಬುದಕ್ಕೆ ಇದು ಹಳೆಯ ಪಾಠ.

ಗೋಪುರ ಗಡಿಯಾರಕ್ಕೆ ಮಾತ್ರವಲ್ಲ

ಈ ಕಾಲದ ದೊಡ್ಡ ಹೆಸರು ಜೇಮ್ಸ್ ರೀಲಿ ಗಾರ್ಡನ್. ಟೆಕ್ಸಸ್‌ನಲ್ಲಿ ಹದಿನೆಂಟು ಕೌಂಟಿ ಕೋರ್ಟುಗಳನ್ನು ರೂಪಿಸಿದ ವಾಸ್ತುಶಿಲ್ಪಿ. ವಾಕ್ಸಹಾಚಿಯ ಎಲ್ಲಿಸ್ ಕೌಂಟಿ ಕೋರ್ಟು (1895–97) ಅವನ ಕೆಲಸಗಳಲ್ಲಿ ಹೆಚ್ಚು ಹೆಸರಾದದ್ದು. ಕೆಳಗೆ ನಸುಗೆಂಪು ಗ್ರಾನೈಟು, ಮೇಲೆ ಕೆಂಪು ಮರಳುಗಲ್ಲಿನ ಪಟ್ಟಿಗಳು, ದಪ್ಪ ದುಂಡು ಕಮಾನು, ನಡುವೆ ಎತ್ತರದ ಗೋಪುರ. ಫೋಟೋ ತೆಗೆಯುವವರು ನೋಡುವುದು ಇಷ್ಟು. ಆದರೆ ಜಾಣತನ ಇರುವುದು ನೆಲದ ನಕ್ಷೆಯಲ್ಲಿ.

ಕಟ್ಟಡದ ನಕ್ಷೆ ಅಧಿಕ ಚಿಹ್ನೆಯಂತೆ, ನಾಲ್ಕು ತೋಳು. ಪ್ರವೇಶದ ಜಗಲಿಗಳು ತೋಳುಗಳ ತುದಿಯಲ್ಲಿಲ್ಲ, ಎರಡು ತೋಳು ಕೂಡುವ ಒಳಮೂಲೆಗಳಲ್ಲಿವೆ. ಹಾಗಾಗಿ ಅಲ್ಲಿ ನೆರಳು ಹೆಚ್ಚು. ನೆರಳಿನ ತಂಪು ಗಾಳಿ ಜಗಲಿಯಿಂದ ಒಳಗೆ ಬಂದು ಕಟ್ಟಡದ ನಟ್ಟನಡುವಿನ ತೆರೆದ ಮೆಟ್ಟಿಲ ಬಾವಿಯನ್ನು ಸೇರುತ್ತದೆ. ಬಾವಿಯ ಮೇಲೆಯೇ ಗೋಪುರ. ಬಿಸಿಗಾಳಿ ಮೇಲೇರಿ ಗೋಪುರದ ಗವಾಕ್ಷಿಗಳಿಂದ ಆಚೆ ಹೋದಂತೆ ಕೆಳಗಿನಿಂದ ತಂಪು ಗಾಳಿ ತಾನಾಗಿ ಎಳೆದುಕೊಳ್ಳುತ್ತದೆ. ಕೋಣೆಗಳ ಬಾಗಿಲ ಮೇಲಿನ ಕಿರುಗಿಂಡಿ ತೆರೆದಿಟ್ಟರೆ ಕೋಣೆಯ ಸೆಕೆಯೂ ಅದೇ ದಾರಿ ಹಿಡಿಯುತ್ತದೆ. ಬೇಸಿಗೆಯಲ್ಲಿ 38 ಡಿಗ್ರಿ ದಾಟುವ ಊರಿನಲ್ಲಿ, ವಿದ್ಯುತ್ ಪಂಖವೂ ಅಪರೂಪವಾಗಿದ್ದ ಕಾಲದಲ್ಲಿ, ಜ್ಯೂರಿಯ ಹನ್ನೆರಡು ಜನ ದಿನವಿಡೀ ಕೂರಬೇಕಿತ್ತಲ್ಲ.

ಲಾ ಗ್ರೇಂಜ್‌ನ ಫಯೆಟ್ ಕೌಂಟಿ ಕೋರ್ಟಿನಲ್ಲಿ (1891) ಗಾರ್ಡನ್ ಇದನ್ನೇ ಬೇರೆ ರೀತಿ ಮಾಡಿದ್ದ. ಅಲ್ಲಿ ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರಲ್ಲೊಂದು ಕಾರಂಜಿ. ನಮ್ಮ ತೊಟ್ಟಿಮನೆ ನೋಡಿದವರಿಗೆ ಅದರ ಉಪಯೋಗ ಬಿಡಿಸಿ ಹೇಳಬೇಕಿಲ್ಲ.

ರಿಪೇರಿಯಿಂದ ಕೆಟ್ಟದ್ದು

ನಮ್ಮ ವಾದದ ತಿರುಳು ಇಲ್ಲಿದೆ. ಈ ಕಟ್ಟಡಗಳಲ್ಲಿ ಬಹಳಷ್ಟು ವಯಸ್ಸಾಗಿ ಕೆಟ್ಟದ್ದಲ್ಲ. 1930ರಿಂದ 1975ರವರೆಗೆ ನಡೆದ ‘ಸುಧಾರಣೆ’ಗಳಿಂದ ಕೆಟ್ಟವು.

ಮೊದಲು ಬಂದದ್ದು ಹವಾನಿಯಂತ್ರಣ. ಹದಿನೈದು ಅಡಿ ಎತ್ತರದ ಕೋಣೆಯನ್ನು ತಣ್ಣಗೆ ಮಾಡುವುದು ದುಬಾರಿ. ಅದಕ್ಕೆ ಒಂಬತ್ತು ಹತ್ತು ಅಡಿಗೆ ಸುಳ್ಳು ಚಾವಣಿ ಕಟ್ಟಿದರು. ಉದ್ದದ ಕಿಟಕಿಯ ಮೇಲ್ಭಾಗ ಚಾವಣಿಯ ಹಿಂದೆ ಮರೆಯಾಯಿತು, ಅದನ್ನು ಹಲಗೆ ಹೊಡೆದು ಮುಚ್ಚಿದರು. ಗಾಳಿಕೊಳವೆ ಹಾಯಿಸಲು ನಡುವಿನ ಬಾವಿಗೆ ಅಂತಸ್ತಂತಸ್ತಿಗೆ ನೆಲ ಹಾಕಿದರು. ಫಯೆಟ್‌ನ ಅಂಗಳವನ್ನೂ ಮುಚ್ಚಿ ದಾಖಲೆ ಕೋಣೆ, ಶೌಚಾಲಯ ಮಾಡಿದರು. ಎರಡಂತಸ್ತು ಎತ್ತರದ, ಬಾಲ್ಕನಿಯಿರುವ ದೊಡ್ಡ ಕೋರ್ಟು ಹಾಲುಗಳ ನಡುವೆ ನೆಲ ಸೇರಿಸಿ ಒಂದನ್ನು ಎರಡು ಮಾಡಿದರು. ಸ್ಯಾನ್ ಆಂಟೋನಿಯೋದ ಬೆಕ್ಸರ್ ಕೌಂಟಿಯಲ್ಲಿ ಹೀಗೆ ಸೀಳಿದ್ದ ಹಾಲು ಮತ್ತೆ ಪೂರ್ಣ ಎತ್ತರಕ್ಕೆ ತೆರೆದುಕೊಂಡದ್ದು 2015ರಲ್ಲಿ.

ಇದರ ಪರಿಣಾಮ ಅಂದಗೆಟ್ಟದ್ದಷ್ಟೇ ಅಲ್ಲ. ಹೊರಗೆ ಬಿಸಿಯಾದ ತೇವದ ಗಾಳಿ, ಒಳಗೆ ತಂಪು. ತೇವ ಗೋಡೆಯೊಳಗೆ ನುಸುಳಿ ತಂಪು ತಾಗಿದಲ್ಲಿ ನೀರಾಗುತ್ತದೆ. ಮೊದಲು ಸುಣ್ಣದ ಗಿಲಾವು ಅದನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತಿತ್ತು. ಈಗ ಅದರ ಮೇಲೆ ಎಣ್ಣೆ ಬಣ್ಣ, ಹಲಗೆ, ರೆಕ್ಸಿನ್ನು. ನೀರು ಅಲ್ಲೇ ಉಳಿಯಿತು. ಗಿಲಾವು ಉಬ್ಬಿತು, ಮರದ ಚೌಕಟ್ಟು ಕೊಳೆಯಿತು.

ಹೊರಗೋಡೆಯ ಕಥೆ ಇನ್ನೂ ಕೆಟ್ಟದ್ದು. ಹಳೆಯ ಕಲ್ಲುಗಳ ಸಂದು ತುಂಬಿದ್ದು ಸುಣ್ಣದ ಗಾರೆಯಿಂದ. ಅದು ಮೆದು, ಕಲ್ಲಿಗಿಂತ ಮೊದಲು ಸವೆಯುತ್ತದೆ. ಸವೆಯಬೇಕಾದದ್ದೇ ಅದು. ಗೋಡೆಯ ತೇವ ಸಂದಿನ ಮೂಲಕ ಹೊರಬರುತ್ತದೆ, ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಸಂದು ತುಂಬಿದರಾಯಿತು. 20ನೇ ಶತಮಾನದ ಗುತ್ತಿಗೆದಾರರು ಅಲ್ಲಿಗೆ ಸಿಮೆಂಟು ತುಂಬಿದರು. ಸಿಮೆಂಟು ಗಟ್ಟಿ, ನೀರನ್ನು ಬಿಡುವುದಿಲ್ಲ. ತೇವಕ್ಕೆ ಉಳಿದ ದಾರಿ ಒಂದೇ, ಮೆತ್ತನೆಯ ಮರಳುಗಲ್ಲು. ನೀರು ಕಲ್ಲಿನ ಮೈಯಿಂದ ಆರುವಾಗ ಅದರಲ್ಲಿದ್ದ ಉಪ್ಪು ಮೇಲ್ಪದರದ ಹಿಂದೆಯೇ ಹರಳುಗಟ್ಟಿ ಹಿಗ್ಗುತ್ತದೆ. ಕಲ್ಲಿನ ಮುಖ ಹಪ್ಪಳದಂತೆ ಏಳುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಮುಂದಕ್ಕೆ ಚಾಚಿ, ಕಲ್ಲು ಹಿಂದಕ್ಕೆ ಸವೆದು ನಿಲ್ಲುತ್ತದೆ. ಅಂಥ ಗೋಡೆ ಕಂಡರೆ ಯಾವ ತಪ್ಪು ನಡೆದಿದೆ ಎಂದು ದೂರದಿಂದಲೇ ಹೇಳಬಹುದು.

ಸರಿಪಡಿಸುವ ಕೆಲಸ ನಿಧಾನದ್ದು. ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಸಿಮೆಂಟು ತೆಗೆಯಬೇಕು. ಹತ್ತು ಮಿಲಿಮೀಟರ್ ಸಂದಾದರೆ ಇಪ್ಪತ್ತರಿಂದ ಇಪ್ಪತ್ತೈದು ಮಿಲಿಮೀಟರ್. ಯಂತ್ರದ ಗರಗಸ ಒಂದಿಷ್ಟು ಜಾರಿದರೂ ಕಲ್ಲಿನ ಅಂಚು ಹೋಯಿತು, ಆದ್ದರಿಂದ ಸಣ್ಣ ಸಂದುಗಳನ್ನು ಚಾಣದಿಂದ ಕೈಯಲ್ಲೇ ಬಿಡಿಸಬೇಕು. ದೂಳು ತೊಳೆದು, ಕಲ್ಲನ್ನು ನೆನೆಸಿ, ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳಿನ ಗಾರೆಯನ್ನು ಪದರಪದರವಾಗಿ ಒತ್ತಬೇಕು. ಒಣಕಲು ಕಲ್ಲಿಗೆ ಹಾಕಿದರೆ ಅದು ಗಾರೆಯ ನೀರನ್ನೆಲ್ಲ ಹೀರಿ ಗಾರೆ ಪುಡಿಯಾಗುತ್ತದೆ. ಆಮೇಲೆ ಒದ್ದೆ ಗೋಣಿತಾಟು ಹೊದಿಸಿ ಕೆಲವು ದಿನ ಬಿಸಿಲು ತಾಕದಂತೆ ಕಾಯಬೇಕು. ಕೊರೆಯುವ ಚಳಿಯಲ್ಲೂ ಉರಿಬಿಸಿಲಲ್ಲೂ ಈ ಕೆಲಸ ಮಾಡುವಂತಿಲ್ಲ. ಅಂದಾಜುಪಟ್ಟಿಯಲ್ಲಿ ಕೂಲಿಯ ಅಂಕಿ ದೊಡ್ಡದಿರುವುದು ಇದಕ್ಕೇ, ಸುಣ್ಣ ದುಬಾರಿ ಎಂದಲ್ಲ.

ಮೇಲೆ ನೋಡಿದರೆ ಸೂರಿನ ದೋಣಿ. ಈ ಕಟ್ಟಡಗಳಲ್ಲಿ ಮಳೆನೀರಿನ ದೋಣಿ ಹೊರಗೆ ನೇತಾಡುವುದಿಲ್ಲ, ಗೋಡೆಯ ಮೇಲಂಚಿನಲ್ಲಿ ಮುಂಚಾಚಿದ ಅಲಂಕಾರದ ಪಟ್ಟಿಯ, ಅಂದರೆ ಕಾರ್ನಿಸ್ಸಿನ, ಹಿಂದೆ ಅಡಗಿರುತ್ತದೆ. ಅದರ ತಗಡಿನ ಬೆಸುಗೆ ಒಂದು ಕಡೆ ಬಿಟ್ಟರೆ ನೀರು ಹೊರಗೆ ಸೋರುವುದಿಲ್ಲ, ನೇರ ಗೋಡೆಯೊಳಗೆ ಇಳಿಯುತ್ತದೆ. ಕೆಳಗಿನ ಅಂತಸ್ತಿನಲ್ಲಿ ಕಲೆ ಕಾಣುವ ಹೊತ್ತಿಗೆ ಮೇಲೆ ಜಂತೆಯ ತುದಿ ಕೊಳೆತಿರುತ್ತದೆ. ಸುಳ್ಳು ಚಾವಣಿ ಇದ್ದರಂತೂ ಕಲೆಯೂ ಕಾಣದು. ದೂರಕ್ಕೆ ಕಲ್ಲಿನಂತೆ ಕಾಣುವ ಕಾರ್ನಿಸ್ಸು, ಗೋಪುರದ ತುದಿಯ ನ್ಯಾಯದೇವತೆ ಎಷ್ಟೋ ಕಡೆ ಬಣ್ಣ ಬಳಿದ ತಗಡು. ಅವು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಮಾರ್ಫಾದ ಪ್ರೆಸಿಡಿಯೊ ಕೌಂಟಿ ಕೋರ್ಟಿನ (1886) ನ್ಯಾಯದೇವತೆಯ ಕೈಯಲ್ಲಿ ತಕ್ಕಡಿ ಇಲ್ಲದ್ದಕ್ಕೆ, ಶಿಕ್ಷೆಯಾದ ದನಗಾಹಿಯೊಬ್ಬ ಗುಂಡು ಹಾರಿಸಿದ ಎಂದು ಊರವರು ಕಥೆ ಹೇಳುತ್ತಾರೆ. ತುಕ್ಕಿನ ಕಥೆ ಅಷ್ಟು ರಂಜಕವಲ್ಲ ನೋಡಿ.

ತಳದಲ್ಲಿ ಮಣ್ಣು. ಡಲ್ಲಾಸಿನಿಂದ ಸ್ಯಾನ್ ಆಂಟೋನಿಯೋವರೆಗೆ ಹಾದಿರುವ ಕಪ್ಪು ನೆಲ, ಧಾರವಾಡ–ಗದಗ ಕಡೆಯ ಎರೆ ಭೂಮಿಯ ಜಾತಿಯದೇ. ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಕಟ್ಟಡದ ಒಂದು ಮೂಲೆಗೆ ಹುಲ್ಲುಹಾಸಿನ ನೀರು ಸದಾ ತಾಗಿ, ಇನ್ನೊಂದು ಮೂಲೆಯ ಮರ ನೀರು ಹೀರಿದರೆ ಎರಡು ಮೂಲೆ ಎರಡು ರೀತಿ ಏರಿಳಿಯುತ್ತವೆ. ಆಗ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಅದನ್ನು ಮುಚ್ಚಿ ಬಣ್ಣ ಹೊಡೆದರೆ ಮುಂದಿನ ಬೇಸಿಗೆಗೆ ಮತ್ತೆ ಅಲ್ಲೇ.

ಕೆಲವು ಕೌಂಟಿಗಳು ಸೋರುವ ಗೋಪುರ ರಿಪೇರಿ ಮಾಡುವ ಬದಲು ಅದನ್ನೇ ಕಿತ್ತುಹಾಕಿದವು. ವಾರ್ಟನ್ ಕೌಂಟಿ 1889ರ ತನ್ನ ಕೋರ್ಟಿಗೆ 1935ರಲ್ಲಿ ಪೂರ್ತಿ ಗಿಲಾವು ಮೆತ್ತಿ ಆ ಕಾಲದ ಹೊಸ ಶೈಲಿಯ ಡಬ್ಬಿ ಮಾಡಿತ್ತು. 2007ರ ಹೊತ್ತಿಗೆ ಅದನ್ನೆಲ್ಲ ಸುಲಿದು ಗೋಪುರ ಸಮೇತ ಮೊದಲಿನ ರೂಪಕ್ಕೆ ತಂದರು. ಜಾರ್ಜ್‌ಟೌನ್‌ನ ವಿಲಿಯಮ್ಸನ್ ಕೌಂಟಿ 1911ರ ಕಟ್ಟಡದ ಮೇಲಂಚಿನ ಕಟಾಂಜನ, ತ್ರಿಕೋನ ಮುಖಗಳನ್ನು 1966ರಲ್ಲಿ ತೆಗೆಸಿತ್ತು. ಅವೂ 2007ರಲ್ಲಿ ಮರಳಿದವು.

ಬೆಂಕಿ

ನೀರು ನಿಧಾನ, ಬೆಂಕಿ ಒಂದೇ ರಾತ್ರಿ. ಹಿಲ್ಸ್‌ಬರೋದ ಹಿಲ್ ಕೌಂಟಿ ಕೋರ್ಟು (1890) 1993ರ ಜನವರಿ 1ರಂದು ಸುಟ್ಟಿತು. ಆ ಕೌಂಟಿಯವನೇ ಆದ ಗಾಯಕ ವಿಲ್ಲಿ ನೆಲ್ಸನ್ ನೆರವಿಗಾಗಿ ಸಂಗೀತ ಕಛೇರಿ ನಡೆಸಿಕೊಟ್ಟ, 1999ಕ್ಕೆ ಕಟ್ಟಡ ಎದ್ದು ನಿಂತಿತು. ನ್ಯೂಟನ್ ಕೌಂಟಿಯದು 2000ದ ಆಗಸ್ಟಿನಲ್ಲಿ ಸುಟ್ಟು, ಮತ್ತೆ ಬಾಗಿಲು ತೆರೆಯಲು ಹನ್ನೆರಡು ವರ್ಷ ಹಿಡಿಯಿತು. ಮೂರನೆಯದು ಮೇಸನ್.

ಹೊರಗೆ ಕಲ್ಲಾದರೂ ಒಳಗೆ ಒಣಗಿದ ಮರದ ತೊಲೆ, ಹಲಗೆ ನೆಲ. ಚಾವಣಿಗೂ ಸುಳ್ಳು ಚಾವಣಿಗೂ ನಡುವೆ ಬೆಂಕಿ ಕಣ್ಣಿಗೆ ಬೀಳದೆ ಓಡಲು ಒಳ್ಳೆಯ ಸುರಂಗ. ಗೋಪುರ ಹೊಗೆಗೊಳವೆಯಂತೆ ಉರಿಯನ್ನು ಮೇಲೆಳೆಯುತ್ತದೆ. ಸೆಕೆಗೆ ಉಪಕಾರಿಯಾದ ವಿನ್ಯಾಸವೇ ಬೆಂಕಿಗೂ ಉಪಕಾರಿ. ಜೀರ್ಣೋದ್ಧಾರದಲ್ಲಿ ಎಚ್ಚರಿಕೆ ಗಂಟೆ, ನೀರು ಚಿಮುಕಿಸುವ ಕೊಳವೆ ಸೇರಿಸುವುದು ಇದಕ್ಕೇ. ಮೇಸನ್‌ನ ಅದೃಷ್ಟವೆಂದರೆ ಜೀರ್ಣೋದ್ಧಾರ ಶುರುವಾಗಲಿದ್ದುದರಿಂದ ದಾಖಲೆಗಳನ್ನೆಲ್ಲ ಅಷ್ಟರಲ್ಲೇ ಬೇರೆಡೆಗೆ ಸಾಗಿಸಿದ್ದರು. ಕಾಗದ ಉಳಿಯಿತು.

ಯಾರ ವಾದ ಏನು

ನ್ಯಾಯಾಧೀಶರು ಮತ್ತು ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಹೇಳುವುದು ಭದ್ರತೆ. ಈಗಿನ ಕೋರ್ಟು ವಿನ್ಯಾಸದಲ್ಲಿ ಮೂರು ಪ್ರತ್ಯೇಕ ದಾರಿ ಬೇಕು: ಸಾರ್ವಜನಿಕರಿಗೆ, ನ್ಯಾಯಾಧೀಶರಿಗೆ ಮತ್ತು ಜ್ಯೂರಿಗೆ, ಬಂಧಿತರಿಗೆ. ಮೂರೂ ಕೋರ್ಟು ಹಾಲಿನಲ್ಲಿ ಮಾತ್ರ ಕೂಡಬೇಕು. ಹಳೆಯ ಕಟ್ಟಡದಲ್ಲಿ ಇರುವುದು ನಡುವಿನ ಒಂದು ಮೆಟ್ಟಿಲು. ಆರೋಪಿ, ಸಾಕ್ಷಿ, ಸತ್ತವನ ಮನೆಯವರು ಎಲ್ಲ ಅದನ್ನೇ ಹತ್ತಬೇಕು. ಇದು ಬರೀ ಊಹೆಯ ಭಯವಲ್ಲ. 1992ರ ಜುಲೈ 1ರಂದು ಟ್ಯಾರಂಟ್ ಕೌಂಟಿ ಕೋರ್ಟಿನೊಳಗೇ ಒಬ್ಬ ಗುಂಡು ಹಾರಿಸಿ ಇಬ್ಬರು ವಕೀಲರು ಸತ್ತರು. ಇದಕ್ಕೆ 1990ರ ಅಂಗವಿಕಲರ ಹಕ್ಕಿನ ಕಾಯ್ದೆಯನ್ನೂ ಸೇರಿಸಿ. ಗಾಲಿಕುರ್ಚಿಯವರಿಗೆ ಲಿಫ್ಟು, ಇಳಿಜಾರು, ಅಗಲ ಬಾಗಿಲು ಕಡ್ಡಾಯ.

ಕಮಿಷನರುಗಳದು ತೆರಿಗೆಯ ಮಾತು. ಕೌಂಟಿಯ ಮುಖ್ಯ ಆದಾಯ ಆಸ್ತಿ ತೆರಿಗೆ. 2019ರ ರಾಜ್ಯ ಕಾನೂನಿನ ಪ್ರಕಾರ ಈ ಆದಾಯವನ್ನು ವರ್ಷಕ್ಕೆ ಶೇ 3.5ಕ್ಕಿಂತ ಹೆಚ್ಚು ಏರಿಸಬೇಕಾದರೆ ಜನರ ಮತ ಕೇಳಬೇಕು. ಬಜೆಟ್ಟು ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ನಿರ್ವಹಣೆಗೆ. ದೋಣಿ ಗುಡಿಸದೆ ಹತ್ತು ವರ್ಷ ಕಳೆದರೆ ಸಾವಿರಗಳಲ್ಲಿ ಮುಗಿಯುತ್ತಿದ್ದದ್ದು ಲಕ್ಷಗಳಾಗುತ್ತದೆ. ಆಗ ‘ಇದರ ಮೇಲೆ ಇಷ್ಟು ಸುರಿಯುವುದಕ್ಕಿಂತ ಹೊಸದು ಕಟ್ಟೋಣ’ ಎಂಬ ವಾದ ಸಹಜವಾಗಿಯೇ ಹುಟ್ಟುತ್ತದೆ.

ಸಂರಕ್ಷಣೆಯ ಪರವಾದವರು ಕೇಳುವುದು ಬೇರೆ ಪ್ರಶ್ನೆ: ಕೋರ್ಟು ಊರಾಚೆ ಹೋದರೆ ಚೌಕದ ಗತಿ ಏನು? ವಕೀಲರ ಕಚೇರಿ, ಹೋಟೆಲು, ಕಾಗದಪತ್ರದ ಅಂಗಡಿ ಎಲ್ಲವೂ ಕೋರ್ಟಿಗೆ ಬರುವ ಜನರನ್ನು ನಂಬಿಕೊಂಡಿವೆ.

ಇನ್ನೊಂದು ದನಿಯನ್ನು ಬಿಡುವಂತಿಲ್ಲ. ‘ಮೊದಲಿನ ರೂಪ’ ಎಂದರೆ ಯಾವ ಕಾಲದ್ದು? ಈ ಕಟ್ಟಡಗಳಲ್ಲಿ ಕಪ್ಪು ಜನರಿಗೆ ಬೇರೆ ಬಾಲ್ಕನಿ, ಬೇರೆ ಕುಡಿಯುವ ನೀರು ಇತ್ತು. 1916ರ ಮೇ 15ರಂದು ವಾಕೋದಲ್ಲಿ ಜೆಸ್ಸಿ ವಾಷಿಂಗ್ಟನ್ ಎಂಬ ಹದಿಹರೆಯದವನನ್ನು ಗುಂಪು ಕೋರ್ಟು ಹಾಲಿನಿಂದಲೇ ಎಳೆದೊಯ್ದು ಸುಟ್ಟು ಕೊಂದಿತು. ಅದೇ ನಾಡಿನಲ್ಲಿ 1923ರಲ್ಲಿ ವಿಲಿಯಮ್ಸನ್ ಕೌಂಟಿಯ ಇದೇ ಜಾರ್ಜ್‌ಟೌನ್ ಕೋರ್ಟಿನಲ್ಲಿ ಡ್ಯಾನ್ ಮೂಡಿ ಎಂಬ ತರುಣ ಸರ್ಕಾರಿ ವಕೀಲ, ಬಿಳಿಯರೇ ಮೇಲು ಎನ್ನುತ್ತ ಹಿಂಸೆಗಿಳಿಯುತ್ತಿದ್ದ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನವರಿಗೆ ಜೈಲು ಶಿಕ್ಷೆ ಕೊಡಿಸಿದ. ಡಲ್ಲಾಸ್ ಕೌಂಟಿಯ ದಾಖಲೆ ಕಟ್ಟಡದಲ್ಲಿ ಕುಡಿಯುವ ನೀರಿನ ನಲ್ಲಿಯ ಮೇಲೆ ಮುಚ್ಚಿಹೋಗಿದ್ದ ‘ಬಿಳಿಯರಿಗೆ ಮಾತ್ರ’ ಎಂಬ ಬರಹದ ಗುರುತು ಬೆಳಕಿಗೆ ಬಂದಾಗ ಅದನ್ನು ಅಳಿಸದೆ ಉಳಿಸಿಕೊಂಡರು. 2013ರಲ್ಲಿ ಅಲ್ಲಿ ನೀರು ಬರುವ ಮೊದಲು ನಾಗರಿಕ ಹಕ್ಕಿನ ಹೋರಾಟದ ದೃಶ್ಯ ಮೂಡುವಂತೆ ಕಲಾಕೃತಿಯೊಂದನ್ನು ಮಾಡಿದರು. ಬಣ್ಣದ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮೂಲ ಬಣ್ಣ ಕಂಡುಹಿಡಿಯುವುದು ಸುಲಭ. ಇತಿಹಾಸದ ಯಾವ ಪದರದಲ್ಲಿ ನಿಲ್ಲಬೇಕು ಎಂಬುದಕ್ಕೆ ಅಂಥ ಉಪಕರಣವಿಲ್ಲ.

ದುಡ್ಡು ಮತ್ತು ಷರತ್ತು

1998ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರಾ ಸಂರಕ್ಷಣಾ ಟ್ರಸ್ಟು, ಅಳಿವಿನಂಚಿನ ತಾಣಗಳ ಪಟ್ಟಿಯಲ್ಲಿ ಟೆಕ್ಸಸ್‌ನ ಕೋರ್ಟುಗಳನ್ನು ಒಟ್ಟಾಗಿ ಸೇರಿಸಿತು. ಮರುವರ್ಷ ಶಾಸನಸಭೆ 5 ಕೋಟಿ ಡಾಲರ್ ಇಟ್ಟು ಕೋರ್ಟು ಸಂರಕ್ಷಣಾ ಯೋಜನೆ ಆರಂಭಿಸಿತು. ನಡೆಸುವುದು ಪರಂಪರೆಯ ತಾಣಗಳನ್ನು ನೋಡಿಕೊಳ್ಳುವ ರಾಜ್ಯದ ಸಂಸ್ಥೆ, ಟೆಕ್ಸಸ್ ಹಿಸ್ಟಾರಿಕಲ್ ಕಮಿಷನ್. ಈವರೆಗೆ ಎಪ್ಪತ್ತಕ್ಕೂ ಹೆಚ್ಚು ಕೋರ್ಟುಗಳು ಪೂರ್ತಿ ಜೀರ್ಣೋದ್ಧಾರಗೊಂಡಿವೆ.

ಅನುದಾನವೇ ಏಕೆ ಬೇಕು? ಹಳೆಯ ಕಟ್ಟಡ ದುರಸ್ತಿಗೆ ಒಕ್ಕೂಟ ಸರ್ಕಾರ ಶೇ 20 ತೆರಿಗೆ ರಿಯಾಯಿತಿ ಕೊಡುತ್ತದೆ, ಆದರೆ ಅದು ಆದಾಯ ತರುವ ಆಸ್ತಿಗೆ ಮಾತ್ರ. ತೆರಿಗೆಯನ್ನೇ ಕಟ್ಟದ ಕೌಂಟಿಗೆ ರಿಯಾಯಿತಿಯಿಂದ ಏನಾಗಬೇಕು?

ಅನುದಾನಕ್ಕೂ ಷರತ್ತುಗಳಿವೆ. ಮೊದಲು ಕೌಂಟಿ ತನ್ನ ಖರ್ಚಿನಲ್ಲಿ ಕಟ್ಟಡದ ಇತಿಹಾಸ, ಹಾನಿ, ಅಂದಾಜು ಎಲ್ಲ ಒಳಗೊಂಡ ಮಾಸ್ಟರ್ ಪ್ಲಾನ್ ಮಾಡಿಸಿ ಒಪ್ಪಿಗೆ ಪಡೆಯಬೇಕು. ತನ್ನ ಪಾಲಿನ ಹಣ ಹಾಕಬೇಕು. ಮುಂದೆ ಮನಬಂದಂತೆ ಬದಲಾಯಿಸುವುದಿಲ್ಲ ಎಂಬ ಕರಾರನ್ನು ಆಸ್ತಿಯ ದಾಖಲೆಗೇ ಸೇರಿಸಬೇಕು. ಕೆಲವು ಕೌಂಟಿಗಳು ಹಿಂದೇಟು ಹಾಕುವುದು ಈ ಕೊನೆಯದಕ್ಕೆ.

ಅನುದಾನ ಪಡೆಯದವರಿಗೂ ಒಂದು ತಡೆ ಇದೆ. ಕೋರ್ಟು ಆಗಿರುವ ಅಥವಾ ಹಿಂದೆ ಕೋರ್ಟಾಗಿದ್ದ ಕಟ್ಟಡವನ್ನು ಕೆಡವಲು, ಮಾರಲು, ಬಾಡಿಗೆಗೆ ಕೊಡಲು ಆರು ತಿಂಗಳ ಮೊದಲೇ ಕಮಿಷನ್‌ಗೆ ತಿಳಿಸಬೇಕು. ಅದಕ್ಕೆ ಐತಿಹಾಸಿಕ ಮಹತ್ವವಿದೆ ಎಂದು ಕಮಿಷನ್ ಹೇಳಿದರೆ 180 ದಿನ ಕೈ ಹಾಕುವಂತಿಲ್ಲ. ಗಮನಿಸಿ, ಇದು ವಿಳಂಬ, ನಿಷೇಧವಲ್ಲ. ಅಷ್ಟರಲ್ಲಿ ಊರಿನವರು ಎಚ್ಚೆತ್ತರೆ ಉಂಟು. 1980ರ ದಶಕದಲ್ಲಿ ಬೆಂಗಳೂರಿನ ಅಠಾರಾ ಕಚೇರಿಯನ್ನು ಕೆಡವುವ ಮಾತು ಬಂದಾಗ ಅಂಥ ತಡೆ ಇರಲಿಲ್ಲ, ನಾಗರಿಕರು ಹೈಕೋರ್ಟಿಗೆ ಹೋಗಬೇಕಾಯಿತು. ಹೈಕೋರ್ಟು ಇದ್ದದ್ದೂ ಅದೇ ಕಟ್ಟಡದಲ್ಲಿ.

ಹಾಗಾದರೆ ಟೈಲರ್‌ನಲ್ಲಿ ಏಕೆ ಬೇರೆ

ಸ್ಮಿತ್ ಕೌಂಟಿಗೆ 1910ರ ಗುಮ್ಮಟದ ಕೋರ್ಟು ಇತ್ತು. ಅದನ್ನು 1955ರಲ್ಲಿ ಕೆಡವಿದರು. ಈಗ ಸಾಲದಾಗಿರುವುದು ಅದರ ಬದಲಿಗೆ ಬಂದದ್ದು. ಗುಮ್ಮಟದ ಕೋರ್ಟು ಉಳಿದಿದ್ದರೂ 2.3 ಲಕ್ಷಕ್ಕೂ ಹೆಚ್ಚು ಜನರ ಕೌಂಟಿಗೆ ಅದೊಂದೇ ಸಾಕಾಗುತ್ತಿರಲಿಲ್ಲ ಎಂಬುದು ನಿಜ. ಆದರೆ 1955ರದಕ್ಕೆ ಎರಡೂ ಕಡೆ ಬೆಂಬಲವಿಲ್ಲ. ಮೂರು ದಾರಿಯ ವ್ಯವಸ್ಥೆ ಅದರಲ್ಲೂ ಇಲ್ಲ. ಕೆಳಮಟ್ಟದ ಚಾವಣಿ, ಬಿಗಿ ಕಂಬಸಾಲುಗಳ ನಡುವೆ ಹೊಸ ಗಾಳಿಕೊಳವೆ, ಲಿಫ್ಟು, ತಂತಿ ತೂರಿಸುವುದು ಕಷ್ಟ. ಹಳೆಯ ಕೋರ್ಟುಗಳ ಹದಿನೈದಡಿ ಎತ್ತರ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಏನನ್ನಾದರೂ ಅಡಗಿಸಲು ಅವುಗಳಲ್ಲಿ ಜಾಗವಿದೆ. ಜೊತೆಗೆ ಆ ದಶಕದ ಕಟ್ಟಡಗಳ ಮೇಲೆ ಜನರಿಗೆ ಅಕ್ಕರೆಯೂ ಇಲ್ಲ.

ಹೊಸದು ಕಟ್ಟಿದರೆ ಎಲ್ಲ ಬಗೆಹರಿಯುತ್ತದೆ ಎನ್ನುವವರು ಹ್ಯೂಸ್ಟನ್ ನೋಡಬೇಕು. ಅಲ್ಲಿನ ಇಪ್ಪತ್ತಂತಸ್ತಿನ ಕ್ರಿಮಿನಲ್ ನ್ಯಾಯಾಲಯ 2001ರ ಆಲಿಸನ್ ಚಂಡಮಾರುತದ ನೆರೆಗೆ ಸಿಕ್ಕಿತು, 2017ರ ಹಾರ್ವೆಗೆ ಮತ್ತೆ ಸಿಕ್ಕಿ ತಿಂಗಳುಗಟ್ಟಲೆ ಮುಚ್ಚಿತು. ಅದೇ ನಗರದ 1910ರ ಕೋರ್ಟು 2011ರಲ್ಲಿ ಜೀರ್ಣೋದ್ಧಾರಗೊಂಡು ಎರಡು ಮೇಲ್ಮನವಿ ನ್ಯಾಯಾಲಯಗಳಿಗೆ ನೆಲೆಯಾಗಿದೆ. ಈ ಜೋಡಣೆಯಲ್ಲಿ ಒಂದು ಜಾಣ ಲೆಕ್ಕವಿದೆ. ಮೇಲ್ಮನವಿಯಲ್ಲಿ ಜ್ಯೂರಿ ಇಲ್ಲ, ಬೇಡಿ ಹಾಕಿ ತರುವ ಕೈದಿಗಳಿಲ್ಲ, ಸಾಕ್ಷಿಗಳ ನೂಕುನುಗ್ಗಲಿಲ್ಲ. ವಕೀಲರು ಬಂದು ವಾದಿಸಿ ಹೋಗುತ್ತಾರೆ. ಒಂದೇ ಮೆಟ್ಟಿಲು ಸಾಕು.

ವಿಲಿಯಮ್ಸನ್ ಕೌಂಟಿಯೂ ಹೀಗೇ ಹಂಚಿಕೊಂಡಿತು. ಮೊಕದ್ದಮೆಗಳು ಹತ್ತಿರದ ಹೊಸ ನ್ಯಾಯ ಸಂಕೀರ್ಣಕ್ಕೆ ಹೋದವು, ಆಡಳಿತ ಮಂಡಳಿಯ ಸಭೆ ಚೌಕದ ಕಟ್ಟಡದಲ್ಲೇ ಉಳಿಯಿತು. ಬೆಳೆಯುತ್ತಿರುವ ಕೌಂಟಿಗಳು ಬಹುಶಃ ಹೆಚ್ಚು ಹೆಚ್ಚು ಈ ದಾರಿ ಹಿಡಿಯುತ್ತವೆ. ಅಪಾಯವೂ ಇಲ್ಲೇ. ದಿನಾ ಜನ ಓಡಾಡುವ ಕಟ್ಟಡದಲ್ಲಿ ಸೋರಿದ್ದು ಮರುದಿನ ಗೊತ್ತಾಗುತ್ತದೆ. ವಾರಕ್ಕೊಂದು ಸಭೆ ನಡೆಯುವ ಕಟ್ಟಡದ ಅಟ್ಟಕ್ಕೆ ಹತ್ತುವವರು ಯಾರು? ಮೇಸನ್‌ನಂಥ ಸಣ್ಣ ಕೌಂಟಿಗೆ ಈ ಪ್ರಶ್ನೆ ಇಲ್ಲ, ಅಲ್ಲಿ ಎಲ್ಲ ಕಚೇರಿಗೂ ಒಂದೇ ಕಟ್ಟಡ ಸಾಕು. ಅಲ್ಲಿನ ಚಿಂತೆ ದುಡ್ಡಿನದು.

ಟೆಕ್ಸಸ್ ಶಾಸನಸಭೆಯ ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಬೆಸ ವರ್ಷದ ಜನವರಿಯಿಂದ 140 ದಿನ. ಕೋರ್ಟು ಯೋಜನೆಗೆ ಹಣ ಎಷ್ಟು ಎಂಬುದು ಆಗಲೇ ತೀರ್ಮಾನವಾಗಬೇಕು. ಆ ಹಣ ಗುಮ್ಮಟಕ್ಕೆ ಸಿಗುತ್ತದೆ, ಕಲ್ಲಿಗೆ ಸಿಗುತ್ತದೆ, ಹೊಸ ತಾಮ್ರದ ದೋಣಿಗೂ ಸಿಗುತ್ತದೆ. ಎಲೆ ಉದುರುವ ಕಾಲ ಮುಗಿದ ಮೇಲೊಮ್ಮೆ, ವಸಂತದ ಮಳೆಗೆ ಮೊದಲೊಮ್ಮೆ ಏಣಿ ಹಾಕಿ ಆ ದೋಣಿಯನ್ನು ಗುಡಿಸುವ ಕೂಲಿ ಮಾತ್ರ ಕೌಂಟಿಯ ಬಜೆಟ್ಟಿನಿಂದಲೇ ಬರಬೇಕು.